ತಂಪಿನಲ್ಲಿ ಇಡತಕ್ಕದ್ದು

ದಾದರ, ಮುಂಬಯಿ
೨೦ ಜನವರಿ ೧೯೪೬

ತೀರ್ಥರೂಪ ಅಪ್ಪಾ ಅವರಿಗೆ,

ಇಂದುವಿನ ನಮಸ್ಕಾರ, ಅದರ ಸಂಗಡ ಒಂದು ತಕರಾರು. ನಿಮ್ಮ ಕಾರ್ಡು ಮುಟ್ಟಿತು. “ಕ್ಷೇಮ. ಥಂಡಿ ಬಹಳ. ಊಟ ಸರಿಯಾಗಿ ಮಾಡು.” ಇಷ್ಟೇ. ಇನ್ನೂ ಮುಕ್ಕಾಲು ಕಾರ್ಡು ಖಾಲಿ ಇತ್ತು. ಅಷ್ಟು ಜಾಗವನ್ನು ಸರಕಾರದವರು ಸುಮ್ಮನೆ ಕೊಟ್ಟಿದ್ದಾರೇನು?

ದೀಪಾವಳಿಗೆ ಬಂದಾಗ ನನ್ನ ಕೆಲಸ ಏನೆಂದು ಕೇಳಿದಿರಿ, ನಾನು ಹೇಳುವುದರೊಳಗೆ ರೈಲಿನ ಹೊತ್ತಾಯಿತು. ಈಗ ಕೇಳಿರಿ. ಇಲ್ಲಿ ಕರುವಿನ ಹೊಟ್ಟೆಯ ಮೇಲೆ ದೇವಿ ಹಾಕುತ್ತಾರೆ. ಐದಾರು ದಿನಕ್ಕೆ ಗುಳ್ಳೆ ಎದ್ದ ಮೇಲೆ ಕೆರೆದು ತೆಗೆದು, ಗ್ಲಿಸರಿನ್ ಹಾಕಿ ಅರೆಯುತ್ತಾರೆ. ಅದೇ ನೀವು ಹದಿನಾರು ವರ್ಷ ಚೀಲದಲ್ಲಿ ಹೊತ್ತುಕೊಂಡು ಹಳ್ಳಿ ಹಳ್ಳಿ ತಿರುಗಿದ ಸಿಡುಬಿನ ಲಸಿಕೆ. ಆದರೆ ಅದರಲ್ಲಿ ಕರುವಿನ ಚರ್ಮ, ರಕ್ತ, ಕಸ ಎಲ್ಲ ಇರುತ್ತದೆ. ಕೆಲಸ ಮಾಡುವ ವಸ್ತು ತೀರ ಸ್ವಲ್ಪ. ಅದನ್ನು ಬೇರೆ ಮಾಡುವುದೇ ನಮ್ಮ ಕೋಣೆಯ ಕೆಲಸ. ಒಂದು ತಿರುಗುವ ಯಂತ್ರವಿದೆ. ಮೊದಲು ಮೆಲ್ಲಗೆ ತಿರುಗಿಸಿದರೆ ಕಸ ತಳಕ್ಕೆ ಕೂಡುತ್ತದೆ. ಮೇಲಿನ ತಿಳಿಯನ್ನು ಬಸಿದುಕೊಂಡು ಜೋರಾಗಿ ತಿರುಗಿಸಿದರೆ ತಳದಲ್ಲಿ ಹಾಲಿನ ಕೆನೆಯಂಥ ಒಂದು ತೆಳುವಾದ ಪದರು ಉಳಿಯುತ್ತದೆ. ಅದೇ ಅದು.

ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬರೀ ಚುಕ್ಕೆ. ಇದ್ದಾವೋ ಇಲ್ಲವೋ ಎಂಬಷ್ಟು ಸಣ್ಣ. ನಾಲ್ಕು ಸಾವಿರ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರು. ಆದರೆ ಅಮೇರಿಕೆಯಲ್ಲಿ ಈಗ ಬೆಳಕಿನ ಬದಲು ವಿದ್ಯುತ್ಕಣಗಳಿಂದ ನೋಡುವ ಯಂತ್ರ ಬಂದಿದೆ. ಅದರಲ್ಲಿ ತೆಗೆದ ಚಿತ್ರವನ್ನು ನಮ್ಮ ಡಾಕ್ಟರು ಮೊನ್ನೆ ತೋರಿಸಿದರು. ಅಪ್ಪಾ, ಅವು ಇಟ್ಟಿಗೆಗಳು! ಮೂಲೆ ಸವೆದ ಇಟ್ಟಿಗೆಗಳು, ಒಳಗೆ ಏನೋ ಕಪ್ಪಗೆ ಗಟ್ಟಿಯಾದದ್ದು. ಒಣಗಿಸಿ ಪೃಥಕ್ಕರಣ ಮಾಡಿದರೆ ಹೆಚ್ಚು ಪಾಲು ಪ್ರೋಟೀನು, ಸ್ವಲ್ಪ ಕೊಬ್ಬು, ಜೀವಕೋಶದ ನಡುವೆ ಸಿಗುವ ಒಂದು ಆಮ್ಲ, ಇಷ್ಟಿಷ್ಟು ತಾಮ್ರ ಕೂಡ. ಇಷ್ಟರ ಮೇಲೆ ಊರಿಗೆ ಊರು ಉಳಿಯುತ್ತದೆ.

ಈಗ ಖರೇ ವಿಷಯಕ್ಕೆ ಬರುತ್ತೇನೆ. ಲಸಿಕೆ ಹಳ್ಳಿಗೆ ಮುಟ್ಟುವುದರೊಳಗೆ ಸಾಯುತ್ತದೆ ಎಂದು ದೂರುಗಳು ಬಂದಿವೆ. ಎಷ್ಟು ಸೆಕೆಗೆ ಎಷ್ಟು ದಿನ ಬಾಳುತ್ತದೆ ಎಂದು ನೋಡುವ ಕೆಲಸ ನನಗೆ ಬಂದಿದೆ. ಕೇಳಿದ ಕೂಡಲೇ ನನಗೆ ಬೆಂಗೇರಿ ನೆನಪಾಯಿತು. ಮೂವತ್ತೆರಡನೇ ಇಸವಿಯಲ್ಲಿ ನೀವು ಅಲ್ಲಿ ನಲವತ್ತು ಮಕ್ಕಳಿಗೆ ದೇವಿ ಹಾಕಿದಿರಿ, ಒಂದು ಕೈಯ ಮೇಲೂ ಗುಳ್ಳೆ ಏಳಲಿಲ್ಲ, ಅಂದರೆ ಲಸಿಕೆ ಹತ್ತಲಿಲ್ಲ. ಹೊಸ ಲಸಿಕೆ ಬರುವ ಮೊದಲೇ ಊರಿಗೆ ಬೇನೆ ಬಂತು, ನಾಲ್ಕು ಮಕ್ಕಳು ಹೋದವು. ಖಾತೆಯವರು ನಿಮ್ಮ ಹಲಗರ್ಜಿತನ ಎಂದು ಬರೆದು ಕೆಲಸದಿಂದ ತೆಗೆದರು. ಅಂದಿನಿಂದ ನೀವು ಮೂರು ವಾಕ್ಯದ ಮನುಷ್ಯ ಆಗಿಬಿಟ್ಟಿರಿ. ಲಸಿಕೆ ನಿಮ್ಮ ಕೈಗೆ ಬರುವಾಗಲೇ ಸತ್ತಿತ್ತು ಎಂದು ನಾನು ತೋರಿಸಿಕೊಡುತ್ತೇನೆ. ನೀವು ಒಂದೇ ಮಾತು ಹೇಳಬೇಕು: ಅದನ್ನು ಎಲ್ಲಿ ಇಟ್ಟಿದ್ದಿರಿ, ಎಷ್ಟು ದಿನ?

ಪಾಕೀಟಿನಲ್ಲಿ ಉತ್ತರ ಬರಲಿ, ಕಾರ್ಡಿನಲ್ಲಿ ಬೇಡ.

ನಿಮ್ಮ ಮಗಳು
ಇಂದು


ಕೆಲಗೇರಿ ರಸ್ತೆ, ಧಾರವಾಡ
೩ ಫೆಬ್ರುವರಿ ೧೯೪೬

ಚಿ. ಇಂದುಗೆ ಅಪ್ಪನ ಆಶೀರ್ವಾದ.

ಪಾಕೀಟಿನಲ್ಲಿ ಬರೆದಿದ್ದೇನೆ, ನೋಡು. ಇನ್ನು ಮೇಲೆ ಬೈಯಬೇಡ.

ನಿನ್ನ ಇಟ್ಟಿಗೆಯ ಸುದ್ದಿಯನ್ನು ಎರಡು ಸಲ ಓದಿದೆ. ಹದಿನಾರು ವರ್ಷ ಹೊತ್ತವನಿಗೆ ಒಳಗೆ ಏನಿದೆ ಎಂದು ಯಾರೂ ಹೇಳಿರಲಿಲ್ಲ. ನಮಗೆ ಕಲಿಸಿದ್ದು ಇಷ್ಟು: ಗಾಜಿನ ನಳಿಗೆಯ ಎರಡೂ ತುದಿ ಮುರಿ, ಊದು, ಕೆರೆ, ಬರೆದುಕೋ, ಎಂಟನೆಯ ದಿನ ಹೋಗಿ ನೋಡು. ತಾಮ್ರವಿದೆ ಎಂದರೆ ನಗು ಬಂತು. ನಿನ್ನ ಅಜ್ಜಿ ಇದ್ದಿದ್ದರೆ ತಾಮ್ರ ಮಡಿಗೆ ಬರುತ್ತದೆ ಎನ್ನುತ್ತಿದ್ದಳು.

ನಾನು ಚೆನ್ನಾಗಿದ್ದೇನೆ. ದಣಿವು ಇದ್ದದ್ದೇ. ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಹೋಗಿ ಹತ್ತಿ ಬಿಡಿಸುವ ಜಿನ್ನಿನ ಬಾಗಿಲಲ್ಲಿ ನಿಂತರೆ ಸಂಜೆಯ ರೈಲಿಗೆ ಮನೆ. ನನ್ನ ಕೆಲಸ ನಿನಗೆ ಗೊತ್ತಿದ್ದದ್ದೇ; ಬಂದ ಹತ್ತಿಯ ಅಂಡಿಗೆ ಚೀಲದೊಳಗೆ ಮೊಣಕೈತನಕ ಕೈ ಹಾಕುವುದು. ಹತ್ತಿ ಹಸಿ ಇದ್ದರೆ ಒಳಗೆ ಬಿಸಿ ಹತ್ತುತ್ತದೆ. ಮೇಲೆ ನೋಡಿದರೆ ಬೆಳ್ಳಗೆ ಛಲೋ ಕಾಣುತ್ತದೆ, ಕೈಗೇ ತಿಳಿಯಬೇಕು. ಅರಳೆ ಮೂಗಿಗೆ ಹೋಗಿ ಹೋಗಿ ಈಗ ಕೆಮ್ಮೂ ನನ್ನ ಸಂಗಡ ರೈಲಿನಲ್ಲಿ ಓಡಾಡುತ್ತದೆ.

ಬೆಂಗೇರಿಯ ಚನ್ನಯ್ಯ ಈ ವರ್ಷವೂ ಗಾಡಿ ಹೊಡೆದುಕೊಂಡು ಬಂದ. ಹೋದ ನಾಲ್ಕು ಮಕ್ಕಳಲ್ಲಿ ಒಬ್ಬಳು ಅವನ ಮಗಳು ಮುರಿಗೆವ್ವ. ದೇವಿ ಹಾಕುವವರು ಬಂದರೆಂದರೆ ಅವನೂ ಅವನ ಹೆಂಡತಿ ಗೌರಕ್ಕನೂ ಎಂಟು ವರ್ಷ ಆ ಹುಡುಗಿಯನ್ನು ಕಣಜದ ಹಿಂದೆ ಬಚ್ಚಿಟ್ಟಿದ್ದರು. ಮೂರು ಚಳಿಗಾಲ ನಾನು ಅವರ ಕಟ್ಟೆಯ ಮೇಲೆ ಕೂತು ತಿಳಿಸಿ ಹೇಳಿದೆ. ನನ್ನ ಮಾತು ನಂಬಿ ಕಡೆಗೆ ಕರೆತಂದರು. ಈಗ ಚನ್ನಯ್ಯ ನನ್ನ ಮುಂದೆ ಅಂಡಿಗೆ ಇಳಿಸಿ “ನೋಡ್ರಿ” ಎನ್ನುತ್ತಾನೆ. ನಾನು ಕೈ ಹಾಕಿ “ಛಲೋ ಅದ” ಎನ್ನುತ್ತೇನೆ. ಹದಿನಾಲ್ಕು ವರ್ಷದಿಂದ ನಮ್ಮಿಬ್ಬರ ಮಾತು ಇಷ್ಟೇ.

ನೀನು ಕೇಳಿದ್ದಕ್ಕೆ ಉತ್ತರ: ಬಚ್ಚಲದ ಗೋಡೆಯ ಮಗ್ಗುಲಲ್ಲಿ, ಹಸಿ ಉಸುಕು ತುಂಬಿದ ಗಡಿಗೆಯೊಳಗೆ, ತಗಡಿನ ಪೆಟ್ಟಿಗೆಯಲ್ಲಿ. ಹನ್ನೊಂದು ದಿನ. ಕಡೆಯ ಎರಡು ದಿನ ನಾನು ನವಲಗುಂದದ ಕಡೆ ಹೋಗಿದ್ದೆ. ಸೋಮವಾರ ಬೆಳಿಗ್ಗೆ ಬಂದು ಪೆಟ್ಟಿಗೆ ತೆಗೆದುಕೊಂಡು ನೆಟ್ಟಗೆ ಬೆಂಗೇರಿಗೆ ಹೋದೆ. ಇದರಲ್ಲಿ ಕೆದಕುವಂಥದ್ದು ಏನೂ ಇಲ್ಲ. ಬಿಟ್ಟುಬಿಡು.

ನನಗೂ ಒಂದು ಪ್ರಶ್ನೆ ಇದೆ. ನಿನ್ನ ಆ ಇಟ್ಟಿಗೆಗಳು ಜೀವ ಇದ್ದವೋ, ಇಲ್ಲದವೋ?

ನಿನ್ನ
ಅಪ್ಪಾ


ದಾದರ, ಮುಂಬಯಿ
೧೦ ಮಾರ್ಚ್ ೧೯೪೬

ಅಪ್ಪಾ,

ತಡವಾಯಿತು. ಪತ್ರಿಕೆಯಲ್ಲಿ ಓದಿರಬಹುದು, ಹೋದ ತಿಂಗಳು ನೌಕಾದಳದ ಗಲಾಟೆಯಲ್ಲಿ ಇಲ್ಲಿ ಗುಂಡು ಹಾರಿದವು. ನಾಲ್ಕು ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ನನಗೆ ಊರಿನದಕ್ಕಿಂತ ನನ್ನ ಮೊಲಗಳ ಚಿಂತೆ ಹೆಚ್ಚಾಗಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ.

ಪ್ರಯೋಗ ಮುಗಿಯಿತು. ಲಸಿಕೆಯನ್ನು ಬೇರೆ ಬೇರೆ ಸೆಕೆಯಲ್ಲಿಟ್ಟು, ದಿನಕ್ಕೊಂದು ನಳಿಗೆ ಒಡೆದು, ಮೊಲದ ಬೆನ್ನು ಬೋಳಿಸಿ ಕೆರೆದು ನೋಡುವುದು. ಎಂಬತ್ತು ಡಿಗ್ರಿ ಫ್ಯಾರನ್‌ಹೀಟಿನದು ಇಪ್ಪತ್ತನೆಯ ದಿನಕ್ಕೂ ಚೆನ್ನಾಗಿ ಎದ್ದಿತು. ಮೈ ಬಿಸಿಯಷ್ಟು ಇಟ್ಟದ್ದು ಐದನೆಯ ದಿನಕ್ಕೆ ಅರ್ಧಕ್ಕೆ ಬಂತು. ನೂರಿಪ್ಪತ್ತೆರಡರಲ್ಲಿ ಇಟ್ಟದ್ದು ಒಂದು ರಾತ್ರಿ ಕಳೆಯುವುದರೊಳಗೆ ಮುಗಿದಿತ್ತು.

ಇದರಲ್ಲೊಂದು ಸೋಜಿಗವಿದೆ. ಸೆಕೆಗೆ ಸತ್ತದ್ದನ್ನೂ ನಾನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಚುಕ್ಕೆಗಳು ಇದ್ದಂತೆಯೇ ಇದ್ದವು. ಎಣಿಕೆ ಅಷ್ಟೇ, ಬಣ್ಣ ಹಿಡಿಯುವ ರೀತಿ ಅದೇ. ಜೀವ ಇದೆಯೋ ಎಂದು ಕೇಳಿದಿರಲ್ಲ, ನಮ್ಮ ಡಾಕ್ಟರಿಗೂ ಗೊತ್ತಿಲ್ಲ. ಅದು ಉಸಿರಾಡುವುದಿಲ್ಲ, ಉಣ್ಣುವುದಿಲ್ಲ. ತಂಬಾಕಿನ ಎಲೆಗೆ ಬೇನೆ ತರುವ ಇದರ ದಾಯಾದಿಯೊಂದನ್ನು ಹರಳು ಮಾಡಿ ಬಾಟಲಿಯಲ್ಲಿಟ್ಟಿದ್ದಾರೆ, ಸಕ್ಕರೆ ಇಟ್ಟ ಹಾಗೆ. ಎಲೆಗೆ ಸೋಕಿದ ಕೂಡಲೆ ಒಂದಕ್ಕೆ ಕೋಟಿಯಾಗುತ್ತದೆ. ಜೀವಕೋಶದ ಹೊರಗಿದ್ದರೆ ವಸ್ತು, ಒಳಗೆ ಹೊಕ್ಕರೆ ಜೀವ. ನನಗೆ ತಿಳಿದಿರುವುದು ಇಷ್ಟೇ.

ಹಸಿ ಉಸುಕಿನ ಗಡಿಗೆ ನಮ್ಮ ಊರಿನಲ್ಲಿ ಮಾರ್ಚಿಗೂ ಎಂಬತ್ತು ದಾಟುವುದಿಲ್ಲ. ಹನ್ನೊಂದು ದಿನಕ್ಕೆ ಅದು ಸಾಯಲು ಸಾಧ್ಯವೇ ಇಲ್ಲ. ಅಂದರೆ ಕಳಿಸಿದವರದೇ ತಪ್ಪು. ಖಾತೆಗೆ ಅರ್ಜಿ ಬರೆದಿದ್ದೇನೆ, ಡಾಕ್ಟರು ಸಹಿ ಮಾಡುತ್ತೇನೆಂದಿದ್ದಾರೆ. ನಕಲು ಇದರ ಸಂಗಡ ಇದೆ. ನೀವು ಸಹಿ ಹಾಕಿ ಕಳಿಸಿರಿ. ಆಮೇಲೆ ಚನ್ನಯ್ಯನ ಮುಂದೆ ತಲೆ ಎತ್ತಿ ನಾಲ್ಕು ಮಾತಾಡಿರಿ.

ಇಂದು


ಧಾರವಾಡ
೨೪ ಮಾರ್ಚ್ ೧೯೪೬

ಇಂದು,

ಅರ್ಜಿಯನ್ನು ಹರಿದು ಒಲೆಗೆ ಹಾಕಿದೆ. ಇನ್ನೊಂದು ಬರೆಯಬೇಡ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಖಾತೆಯವರು ನನ್ನ ಮೇಲೆ ಸುಮ್ಮನೆ ಹೊರಿಸಲಿಲ್ಲ. ಹಾದಿಯಲ್ಲಿ ಚೀಲವನ್ನು ಬಿಸಿಲಿಗೆ ಇಟ್ಟು ಮರೆತೆ ಎಂದು ನಾನೇ ಬರೆದುಕೊಟ್ಟಿದ್ದೇನೆ, ನನ್ನ ಕೈಯಾರೆ, ನನ್ನ ಸಹಿ ಹಾಕಿ. ಲಸಿಕೆ ಕಳಿಸಿದವರು ಯಾವ ತಪ್ಪೂ ಮಾಡಿಲ್ಲ. ಅದೇ ದಿನದ ಲಸಿಕೆ ನವಲಗುಂದದಲ್ಲಿ ಚೆನ್ನಾಗಿ ಎದ್ದಿತ್ತು. ಮಾಡದ ತಪ್ಪಿಗೆ ಅವರ ಹೆಸರು ಎಳೆಯುವುದು ಬೇಡ.

ನಿನಗೆ ಬೇಸರವಾಗುತ್ತದೆಂದು ಗೊತ್ತು. ನನಗೂ ಸಾಕಾಗಿದೆ ಮಗಾ. ಕೆಲವು ಸಂಗತಿಗಳು ತಳಕ್ಕೆ ಕೂತಿರುತ್ತವೆ, ನಿನ್ನ ಯಂತ್ರ ಹಾಕಿ ಅವನ್ನು ತಿರುಗಿಸಬೇಡ. ಮೊಲಗಳನ್ನು ನೋಡಿಕೋ, ನಿನ್ನನ್ನೂ ನೋಡಿಕೋ.

ಅಪ್ಪಾ


ದಾದರ, ಮುಂಬಯಿ
೧೪ ಏಪ್ರಿಲ್ ೧೯೪೬

ಅಪ್ಪಾ,

ನಿಮ್ಮ ಮಾತನ್ನು ನಾನು ನಂಬುವುದಿಲ್ಲ. ಸಿಟ್ಟಾಗಿರಿ, ಅಡ್ಡಿಯಿಲ್ಲ.

ಪೆಟ್ಟಿಗೆಗೆ ಹಸಿ ಬಟ್ಟೆ ಸುತ್ತಿ, ಅದರ ಮೇಲೆ ಬಾಳೆ ಎಲೆ ಸುತ್ತಿ, ನೆರಳು ಇದ್ದ ಕಡೆಯೇ ನಡೆಯುತ್ತಿದ್ದವರು ನೀವು. ನಾನು ಇಂಗ್ಲಿಷು ಓದಲು ಕಲಿತದ್ದು ಯಾವ ಪುಸ್ತಕದಿಂದ? ಆ ಪೆಟ್ಟಿಗೆಯ ಚೀಟಿಯಿಂದ. “ತಂಪಿನಲ್ಲಿ ಇಡತಕ್ಕದ್ದು” ಎಂಬ ಇಂಗ್ಲಿಷ್ ಸಾಲನ್ನು ಬೆರಳಿಟ್ಟು ಓದಿಸುತ್ತಿದ್ದಿರಿ. ಅಂಥವರು ಬಿಸಿಲಿಗಿಟ್ಟು ಮರೆತರೇ? ಯಾರನ್ನೋ ಕಾಪಾಡುತ್ತಿದ್ದೀರಿ. ಲಸಿಕೆ ಕಳಿಸಿದ ಕಡೆ ನಿಮ್ಮ ಗೆಳೆಯರಿದ್ದರೇನು? ಮೇಲಿನ ಸಾಹೇಬರು ಹೆದರಿಸಿ ಬರೆಸಿಕೊಂಡರೇನು?

ನಮ್ಮ ಮನೆಯಲ್ಲಿ ಆ ಪೆಟ್ಟಿಗೆಗೆ ಇದ್ದ ಮರ್ಯಾದೆ ನನಗೂ ಇರಲಿಲ್ಲ. ಟಪಾಲು ಬಂದ ದಿನ ನೀವು ಬಾಗಿಲಿನಿಂದಲೇ “ದೇವಿ ಬಂದ್ಲು, ಜಾಗಾ ಬಿಡ್ರಿ” ಎನ್ನುತ್ತಿದ್ದಿರಿ, ಅಜ್ಜಿ ಒಲೆಯ ಮುಂದಿನಿಂದಲೇ ಕೈ ಮುಗಿಯುತ್ತಿದ್ದಳು. ನಿಮಗೆ ಗೊತ್ತಿರಲಿಕ್ಕಿಲ್ಲ, ಒಂದು ಸಲ ನೀವು ಊರಿನಲ್ಲಿ ಇಲ್ಲದಾಗ ಅಜ್ಜಿಗೆ ಸಂಕಟ ಶುರುವಾಯಿತು. “ದೇವಿನ್ನ ಬಚ್ಚಲ ಮಗ್ಗಲಕ ಕೂಡಿಸ್ಯಾನ ನಿಮ್ಮಪ್ಪ, ನೀನರ ಎತ್ತಿಡ ಇಂದೂ, ನೀ ಸಣ್ಣಾಕಿ, ನಿನ್ನ ಕೈ ಆಕಿಗೆ ನಡೀತದ” ಎಂದಳು. ಉಸುಕು ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಒಂದು ಹೆಜ್ಜೆ ತಪ್ಪದಂತೆ ನಾನೇ ಹೊತ್ತು ತಂದು ದೇವರ ಮಾಡದಲ್ಲಿ, ಗೋಡೆಯ ಆ ಗೂಡಿನಲ್ಲಿ, ನಂದಾದೀಪದ ಮಗ್ಗುಲಿಗೆ ಇಟ್ಟೆ. ಕುಂಕುಮ ಹಚ್ಚಿದೆ, ದಾಸಾಳ ಹೂ ಏರಿಸಿದೆ. ಅಜ್ಜಿ ಬೆಲ್ಲ ಕೊಟ್ಟಳು. ಇಷ್ಟು ಕಾಳಜಿಯ ಮನೆಯದು ಅದು ಎಂದು ಹೇಳಲು ಇದನ್ನು ಬರೆದೆ.

ಇನ್ನೊಂದು ಸಂಗತಿ. ಧಾರವಾಡದ ಒಂದು ಮಾಸಪತ್ರಿಕೆಗೆ ಈ ಕಣಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಇದಕ್ಕೆ ಕನ್ನಡದಲ್ಲಿ ಶಬ್ದವಿಲ್ಲ. ಇಂಗ್ಲಿಷಿನ ವೈರಸ್ ಶಬ್ದದ ಮೂಲಾರ್ಥ ವಿಷ ಎಂದಂತೆ. ಜನಕ್ಕೆ ತಿಳಿಯಲೆಂದು ನಾನು “ದೇವಿಯ ಕಣ” ಎಂದು ಹಾಕಿದ್ದೇನೆ. ಹೇಗಿದೆ, ಹೇಳಿರಿ.

ಇಂದು


(ಕಾರ್ಡು)
ಮುಂಬಯಿ, ೨೦ ಜೂನ್ ೧೯೪೬

ಎರಡು ತಿಂಗಳಾಯಿತು, ಉತ್ತರವಿಲ್ಲ. ನಡುವೆ ಎರಡು ಕಾರ್ಡು ಹಾಕಿದೆ, ಅವಕ್ಕೂ ಇಲ್ಲ. ಕೆಮ್ಮು ಹೆಚ್ಚಾಗಿದೆಯೇ? ಸಿಟ್ಟೇ? ಮೂರು ವಾಕ್ಯವಾದರೂ ಬರೆಯಿರಿ.
— ಇಂದು


ದಾದರ, ಮುಂಬಯಿ
೯ ಜುಲೈ ೧೯೪೬

ಅಪ್ಪಾ,

ನೀವು ಯಾಕೆ ಬರೆಯಲಿಲ್ಲ ಎಂಬುದು ನನಗೆ ತಿಳಿಯಿತು.

ಹೋದ ತಿಂಗಳ ಕಡೆಯ ಶುಕ್ರವಾರ ನಮ್ಮ ಕೋಣೆಗೆ ತಿರುಗುವ ಹೊಸ ಯಂತ್ರ ಬಂತು. ಸಿಪಾಯಿ ಅರ್ಜುನಪ್ಪ ನಮ್ಮ ಗದಗಿನ ಕಡೆಯವನು. ಪೂಜೆ ಮಾಡದೆ ಗುಂಡಿ ಒತ್ತಬಾರದೆಂದು ಹಟ ಹಿಡಿದ. ಯಂತ್ರಕ್ಕೆ ಕುಂಕುಮ ಹಚ್ಚಿ, ದಾಸಾಳ ಏರಿಸಿ, ಮಗ್ಗುಲಲ್ಲೇ ಒಂದು ಹಣತೆ ಹಚ್ಚಿದ. ಡಾಕ್ಟರು ನಕ್ಕರು. ಊಟ ಮಾಡಿ ಬಂದು ನಾನು ಮುಚ್ಚಳ ತೆಗೆಯಲೆಂದು ಕೈ ಇಟ್ಟೆ. ಹಣತೆಯ ಕಡೆಯ ತಗಡು ಕೈ ಇಡಲಾರದಷ್ಟು ಸುಡುತ್ತಿತ್ತು. ಕುಂಕುಮ ನನ್ನ ಬೆರಳಿಗೆ ಹತ್ತಿತು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅರ್ಜುನಪ್ಪ ನೀರು ತಂದುಕೊಟ್ಟ.

ಆಮೇಲೆ ನಾನು ಮಾಡಬೇಕಾದದ್ದನ್ನು ಮಾಡಿದೆ. ಅಷ್ಟೇ ಅಳತೆಯ ತಗಡಿನ ಪೆಟ್ಟಿಗೆ ತಂದೆ. ಇಟ್ಟಿಗೆ ಜೋಡಿಸಿ ನಮ್ಮ ಮಾಡದ ಹಾಗೆಯೇ ಒಂದು ಗೂಡು ಕಟ್ಟಿದೆ. ಒಳ್ಳೆಣ್ಣೆಯ ದೀಪ, ಅಜ್ಜಿ ಹಾಕುತ್ತಿದ್ದ ದಪ್ಪ ಬತ್ತಿ. ಪೆಟ್ಟಿಗೆಯೊಳಗೆ ಉಷ್ಣಮಾಪಕ ಇಟ್ಟೆ. ಮೂರು ತಾಸಿಗೆ ನೂರಿಪ್ಪತ್ತು. ಐದು ತಾಸಿಗೆ ನೂರಾ ಮೂವತ್ತೊಂದು, ಆಮೇಲೆ ಅದು ಇಳಿಯಲಿಲ್ಲ. ಒಂದು ರಾತ್ರಿ ಇಟ್ಟ ನಳಿಗೆಯಿಂದ ಮೊಲದ ಬೆನ್ನಿನ ಮೇಲೆ ಒಂದೂ ಏಳಲಿಲ್ಲ. ನಾನು ಇಟ್ಟದ್ದು ಎರಡು ರಾತ್ರಿ.

ಯಾವ ಸಲವೋ ಎಂದು ನೆನಪಿಲ್ಲದವಳಂತೆ ಬರೆದಿದ್ದೆ. ಕಡೆಯ ಎರಡು ದಿನ ನವಲಗುಂದ ಎಂದು ನೀವು ಬರೆದದ್ದನ್ನು ಮತ್ತೆ ಓದಿದೆ; ಅವೇ ಆ ಎರಡು ರಾತ್ರಿ. ನಂದಾದೀಪ ಎಂದು ನನ್ನ ಕೈಯಿಂದಲೇ ಬರೆದೆ, ಬರೆಯುವಾಗಲೂ ಹೊಳೆಯಲಿಲ್ಲ. ಆರು ತಿಂಗಳಿಂದ ಸೆಕೆಯನ್ನೇ ಅಳೆಯುತ್ತಿರುವವಳು ನಾನು. ಬೆಲ್ಲ ಕೊಟ್ಟದ್ದು ಮಾತ್ರ ಚೆನ್ನಾಗಿ ನೆನಪಿತ್ತು.

ನಾಲ್ಕು ಮಕ್ಕಳು ಅಪ್ಪಾ. ನಿಮ್ಮ ಕೆಲಸ, ನಿಮ್ಮ ಹೆಸರು, ಈ ಕೆಮ್ಮು. ಎಲ್ಲವೂ ನನ್ನ ಎರಡು ಕೈಯಿಂದ. ನಿಮಗೆ ಮೊದಲಿನಿಂದ ಗೊತ್ತಿತ್ತೇನು? ಇಷ್ಟು ವರ್ಷ ನನ್ನ ಜಡೆ ಹಾಕುವಾಗ, ಫೀ ಕಟ್ಟುವಾಗ, ರೈಲು ಹತ್ತಿಸುವಾಗ ಗೊತ್ತಿದ್ದೂ ಇದ್ದಿರೇನು?

ನನ್ನದೊಂದು ಕೇಳಿಕೆ. ಚನ್ನಯ್ಯನಿಗೆ ಹೇಳಿರಿ. ಅವನಿಗೆ ಓದು ಬಾರದು, ಇಲ್ಲವಾದರೆ ನಾನೇ ಬರೆಯುತ್ತಿದ್ದೆ. ಇಷ್ಟು ವರ್ಷ ಅವನು ಸಿಟ್ಟು ಹಿಡಿದದ್ದು ತಪ್ಪು ಮಾಡದ ಮನುಷ್ಯನ ಮೇಲೆ. ಅದೊಂದನ್ನಾದರೂ ಸರಿ ಮಾಡಿರಿ.

ಇಂದು


ಧಾರವಾಡ
೧೮ ಆಗಸ್ಟ್ ೧೯೪೬

ನನ್ನ ಇಂದು,

ಟಪಾಲಿನವರ ಸಂಪಿನಿಂದ ನಿನ್ನ ಪತ್ರ ತಿಂಗಳಿಗೆ ಬಂದು ಮುಟ್ಟಿತು. ಆದರೆ ಅದಕ್ಕೂ ಮೊದಲಿನ ಎರಡೂವರೆ ತಿಂಗಳಿಗೆ ಸಂಪಿನ ನೆವ ಹೇಳಲಾರೆ. ನಾಲ್ಕು ಸಲ ಬರೆಯಲು ಕೂತೆ. ನಿನಗೆ ನೆನಪಿದೆ, ಆದರೆ ತಿಳಿದಿಲ್ಲ ಎಂದು ನೋಡಿ ಕಾಗದ ಮಡಿಚಿಟ್ಟೆ. ಬರೆಯದೆ ಇದ್ದರೆ ಹಾಗೇ ಉಳಿದೀತು ಎಂದುಕೊಂಡೆ. ನಿನ್ನಂಥವಳನ್ನು ಹೆತ್ತು ಹಾಗೆ ಅಂದುಕೊಂಡೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

ಈಗ ಪೂರ್ತಿ ಬರೆಯುತ್ತೇನೆ, ನಡುವೆ ನಿಲ್ಲಿಸಬೇಡ.

ಹೌದು, ಮೊದಲಿನಿಂದ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ನವಲಗುಂದದಿಂದ ಬಂದು ಗಡಿಗೆಯಲ್ಲಿ ಕೈ ಹಾಕಿದೆ, ಪೆಟ್ಟಿಗೆ ಇರಲಿಲ್ಲ. ಮಾಡದಲ್ಲಿತ್ತು. ಕುಂಕುಮ, ಹೂ, ಮಗ್ಗುಲಲ್ಲಿ ದೀಪ. ಕುಂಕುಮ ಸಣ್ಣ ಬೆರಳಿನದು, ನೋಡಿದರೇ ತಿಳಿಯುತ್ತಿತ್ತು. ನೀನು ಇನ್ನೂ ಮಲಗಿದ್ದೆ. ಪೆಟ್ಟಿಗೆ ಎತ್ತಿದೆ. ಕೈ ಸುಟ್ಟಿತು.

ಇಲ್ಲಿಗೆ ನಿನ್ನ ಕೆಲಸ ಮುಗಿಯಿತು ಇಂದು. ಮುಂದಿನದು ನನ್ನದು.

ಬಿಸಿಯಾದ ಲಸಿಕೆಯನ್ನು ಚೆಲ್ಲಬೇಕು ಎಂಬುದು ನಮ್ಮ ಮೊದಲನೆಯ ನಿಯಮ. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಏನೂ ಬದಲಾಗಿರಲಿಲ್ಲ, ನೀನು ಬರೆದ ಹಾಗೇ. ಬೆಂಗೇರಿಯಲ್ಲಿ ನಲವತ್ತು ಮಕ್ಕಳು ಕೂತಿದ್ದವು. ಮೂರು ವರ್ಷ ಬೇಡಿಕೊಂಡ ಮೇಲೆ ಚನ್ನಯ್ಯ ಮಗಳನ್ನು ಕರೆತರುವ ದಿನ ಅದು. ಇವತ್ತು ಇಲ್ಲ, ಮುಂದಿನ ವಾರ ಎಂದರೆ ಅವನು ಮತ್ತೆ ಬರುವುದಿಲ್ಲ ಎಂದುಕೊಂಡೆ. ಅರ್ಧವಾದರೂ ಎದ್ದೀತು ಎಂದುಕೊಂಡೆ. ಕುಂಕುಮ ಒರೆಸಿ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡೆ. ಮುರಿಗೆವ್ವನ ಕೈ ಕೆರೆಯುವಾಗ ಆಕೆ ಅಳಲಿಲ್ಲ, “ಆತೇನ್ರಿ?” ಎಂದು ಕೇಳಿದಳು. ಆತು ಎಂದೆ.

ಎಂಟನೆಯ ದಿನ ಹೋದೆ. ಗೌರಕ್ಕ ಮಗಳ ತೋಳು ತೋರಿಸಿದಳು, ಬರೀ ಗೀರು ಇತ್ತು. ಅಂದೇ ಬೇರೆ ಲಸಿಕೆಗೆ ಬರೆದೆ. ಅದು ಬರುವ ಮೊದಲು ಬೇನೆ ಬಂತು.

ಬಿಸಿಲು ಎಂದು ಬರೆದುಕೊಟ್ಟದ್ದು ನಿನ್ನನ್ನೂ ನಿನ್ನ ಅಜ್ಜಿಯನ್ನೂ ಉಳಿಸಲೆಂದು ನನಗೆ ನಾನೇ ಹೇಳಿಕೊಂಡೆ. ಖರೇ ಹೇಳಲೇ? ಬಿಸಿಲಿಗೆ ಮರೆತೆ ಎಂದರೆ ಅದು ಮರೆವು. ಬಿಸಿ ಇದ್ದದ್ದು ಗೊತ್ತಿದ್ದೂ ಹಾಕಿದೆ ಎಂದರೆ ಅದು ಬೇರೆ. ನಾನು ಹಗುರಾದದ್ದನ್ನು ಆರಿಸಿಕೊಂಡೆ. ಈಗ ದಿನವೂ ಅಂಡಿಗೆಯಲ್ಲಿ ಕೈ ಹಾಕಿ ಬಿಸಿ ನೋಡುತ್ತೇನೆ, ಬಿಸಿ ಇದ್ದದ್ದನ್ನು ಒಂದೂ ಒಳಗೆ ಬಿಟ್ಟಿಲ್ಲ. ಆ ಕೈ ಅಂದು ಸುಮ್ಮನಿತ್ತು.

ಇನ್ನು ನಿನ್ನ ಲೇಖನ. ಬೇನೆಗೂ ದೇವಿ ಎಂದೆವು, ಬೇನೆ ತಡೆಯುವ ಔಷಧಕ್ಕೂ ದೇವಿ ಎಂದೆವು, ಮಾಡದಲ್ಲಿ ಕೂತವಳೂ ದೇವಿ. ನಗೆಚಾಟಿಕೆಗೆ ನಾನೇ ಪ್ರತಿ ಸಲವೂ ಬಾಗಿಲಲ್ಲಿ ನಿಂತು ಕೂಗಿದೆ. ಒಂಬತ್ತು ವರ್ಷದ ಹುಡುಗಿ ನಂಬಿ, ದೇವಿಯನ್ನು ದೇವಿಯ ಜಾಗದಲ್ಲಿ ಇಟ್ಟಳು. ತಂಪಿನಲ್ಲಿ ಇಡು ಎಂದು ಓದಲು ಕಲಿಸಿದೆ, ಯಾಕೆ ಎಂದು ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ನಿನ್ನ ಇಟ್ಟಿಗೆಗೆ ಏನು ಬೇಕಾದರೂ ಹೆಸರಿಡು. ಇಂಗ್ಲಿಷಿನದನ್ನೇ ಇಡು, ವಿಷ ಎನ್ನು. ದೇವಿ ಎಂದು ಮಾತ್ರ ಬರೆಯಬೇಡ.

ನಿನ್ನ ಕೇಳಿಕೆಯಂತೆ ಹೋದ ಆದಿತ್ಯವಾರ ಬೆಂಗೇರಿಗೆ ಹೋದೆ. ಹದಿನಾಲ್ಕು ವರ್ಷದ ಮೇಲೆ ಆ ಕಟ್ಟೆ ಹತ್ತಿದೆ. ಚನ್ನಯ್ಯ ಎತ್ತಿಗೆ ಹಗ್ಗ ಹೊಸೆಯುತ್ತಿದ್ದ. ಕೂಡ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಕೂತೆ. ಮಾಡದಿಂದ ಹಿಡಿದು ಎಲ್ಲ ಹೇಳಿದೆ. ಪೆಟ್ಟಿಗೆ ಬಿಸಿ ಇತ್ತು, ಗೊತ್ತಿದ್ದೇ ಹಾಕಿದೆ ಎಂದೂ ಹೇಳಿದೆ. ನೀನು ಅದನ್ನು ಹೇಳು ಎಂದಿರಲಿಲ್ಲ, ನಿನಗೆ ಗೊತ್ತೂ ಇರಲಿಲ್ಲ. ಅವನು ಹಗ್ಗ ಹೊಸೆಯುವುದನ್ನು ಬಿಟ್ಟ. ಗೌರಕ್ಕ ಒಳಗಿನಿಂದ ಬಂದು ಬಾಗಿಲಿಗೆ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಳು.

ಚನ್ನಯ್ಯ ಒಂದೇ ಮಾತು ಕೇಳಿದ. “ರಾಯರ, ಆವಾಗ ನಿಮ್ಮ ಹುಡುಗಿಗೆ ಎಷ್ಟ ವರ್ಷ?”

“ಒಂಬತ್ತು,” ಎಂದೆ.

“ನಮ್ಮಾಕಿಗೂ ಒಂಬತ್ತ ಇತ್ತು,” ಎಂದ.

ನನಗೆ ಕೂಡಲಾಗಲಿಲ್ಲ, ಎದ್ದೆ. ಕಟ್ಟೆ ಇಳಿಯುವಾಗ ಗೌರಕ್ಕ ಕರೆದಳು. ಅಂದು ತೋಳು ತೋರಿಸಿದ ಮೇಲೆ ಆಕೆ ನನ್ನೊಡನೆ ಮಾತಾಡಿದ್ದೇ ಇಲ್ಲ.

“ದೀಪಾವಳಿಗೆ ಬಂದರ ಆಕಿನ್ನ ಇಲ್ಲಿ ಕರಕೊಂಡ ಬರ್ರಿ,” ಎಂದಳು. “ಇಪ್ಪತ್ತಮೂರು ಅಂದರ ಎಷ್ಟ ಎತ್ತರ ಇರತಾರ, ನೋಡತೇನಿ.”

ಸಿಟ್ಟಿನಿಂದ ಕರೆದಳೋ, ಮತ್ತೆ ಹೇಗೋ, ನನಗೆ ತಿಳಿಯಲಿಲ್ಲ. ಬರುತ್ತೇವೆ ಎಂದು ಹೇಳಿ ಬಂದಿದ್ದೇನೆ. ಬೆಳಗಿನ ರೈಲಿಗೆ ಹೋಗೋಣ, ಸ್ಟೇಶನ್ನಿನಿಂದ ನಡೆದು. ನಾನು ನಿನ್ನ ಸಂಗಡ ಇರುತ್ತೇನೆ.

ಅಪ್ಪಾ